ಮಾವನ ತಿರುಪು ಹಲ್ಲು

ನಮ್ಮ ಸೋದರಮಾವ ತಮ್ಮ ಹಲ್ಲನ್ನು ಬಿಗಿ ಮಾಡಿಸಿಕೊಳ್ಳಲು ಟ್ರ್ಯಾಕ್ಟರ್ ರಿಪೇರಿ ಅಂಗಡಿಗೆ ಹೋದವರು ಎಂದರೆ ನೀವು ನಂಬಲಿಕ್ಕಿಲ್ಲ. ಜತೆಯಲ್ಲಿ ನಿಂತು ನೋಡುವ ಕರ್ಮ ನನ್ನ ಪಾಲಿಗೆ ಬರದಿದ್ದರೆ ನಾನೂ ನಂಬುತ್ತಿರಲಿಲ್ಲ!

ತೊಂಬತ್ತರ ದಶಕದ ಮಾತು. ಮಾವ ಸಿಂಧನೂರಿನಲ್ಲಿ ಭತ್ತದ ದಲಾಲರು. ಚೀಲಕ್ಕೆ ಕೈ ಹಾಕಿ ಒಂದು ಕಾಳು ತೆಗೆದು ದವಡೆಗಿಟ್ಟು ಕಡಿದರೆ ಮುಗಿಯಿತು. ಕಟ್ ಎಂದರೆ ಒಣಗಿದೆ, ಮೆತ್ತಗಾದರೆ ಹಸಿ. ಹೀಗೆ ಕಡಿದು ಕಡಿದು ಎಡಗಡೆಯ ದವಡೆ ಹಲ್ಲುಗಳು ಸವೆದು ಉದುರಿದವು. ಬಲಗಡೆ ಉಳಿದಿದ್ದ ಒಂದೇ ಗಟ್ಟಿ ಹಲ್ಲು ಭತ್ತದಲ್ಲಿದ್ದ ಹರಳಿಗೆ ಸಿಕ್ಕಿ ಹೋಳಾಯಿತು.

ಹೆಚ್ಚು ಕಂಗಾಲಾದವರು ಅತ್ತೆ. ಅವರಿಗೆ ಕಣ್ಣು ಪೂರ್ತಿ ಹೋಗಿತ್ತು. ಪಕ್ಕದಲ್ಲಿ ಕೂತ ಮಾವ ಖಡಕ್ ರೊಟ್ಟಿ ಕಡಿಯುವ ಸದ್ದು ಕೇಳಿದ ಮೇಲೆಯೇ ಅವರು ತಮ್ಮ ತಾಟಿಗೆ ಕೈ ಹಾಕುವುದು. ಮಾವ ಗಂಜಿಗೆ ಇಳಿದರು. ಸದ್ದೂ ಇಲ್ಲ, ಅತ್ತೆಯ ಊಟವೂ ಇಲ್ಲ. "ನೀವು ಉಂಡ್ರೋ ಇಲ್ಲೋ ನನಗ ಹೆಂಗ ತಿಳೀಬೇಕ್ರಿ?" ಎಂದು ಕೈ ತೊಳೆದುಬಿಡುತ್ತಿದ್ದರು. ಎರಡೇ ತಿಂಗಳಲ್ಲಿ ಅವರ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಮಾವ ಹೈದರಾಬಾದಿಗೆ ಹೋಗಿ ದವಡೆಯ ಮೂಳೆಗೆ ತಿರುಪು ಹಾಕಿಸಿ, ಮೇಲೊಂದು ಹಲ್ಲು ಕೂರಿಸಿಕೊಂಡು ಬಂದರು. ಸದ್ದು ಮರಳಿತು. ಅತ್ತೆಯೂ ಊಟಕ್ಕೆ ಮರಳಿದರು.

ಆಮೇಲೆ ಶುರುವಾಯಿತು ನೋಡಿ! ಮಾವ ಆ ಹಲ್ಲನ್ನು ತಿಕ್ಕುವುದನ್ನೇ ಬಿಟ್ಟರು. ಬೇವಿನ ಕಡ್ಡಿ ಬಾಯೆಲ್ಲ ಸುತ್ತಿ, ಅದರ ಹತ್ತಿರ ಬಂದಾಗ ಮಾತ್ರ ತಪ್ಪಿಸಿಕೊಂಡು ಹೋಗುತ್ತಿತ್ತು. ಕೇಳಿದರೆ, "ಕಬ್ಣಕ್ಕ ಹುಳ ಹತ್ತತಾವೇನಲೇ?" ಎಂದು ನನ್ನ ಬಾಯಿ ಮುಚ್ಚಿಸಿದರು. ತಂಬಾಕಿನ ಉಂಡೆಯನ್ನೂ ಅದರ ಪಕ್ಕದಲ್ಲೇ ಇಡುತ್ತಿದ್ದರು. ಕಬ್ಬಿಣಕ್ಕೆ ಹೇಗೂ ಉರಿಯುವುದಿಲ್ಲವಂತೆ!

ವಸಡು ಊದಿತು. ರಕ್ತ ಬಂತು, ಕೀವು ಬಂತು. ತಿರುಪು ಸಡಿಲಾಗಿದೆ ಎಂದು ಮಾವ ತೀರ್ಪು ಕೊಟ್ಟರು. ನಾನು ಲಿಂಗಸುಗೂರಿನಲ್ಲಿ ಮೇಷ್ಟ್ರು. ಅಲ್ಲಿನ ಹಲ್ಲಿನ ಡಾಕ್ಟರಿಗೆ ತೋರಿಸೋಣವೆಂದು ಕರೆದುಕೊಂಡು ಹೊರಟೆ. ಮಸ್ಕಿಯಲ್ಲಿ ಬಸ್ಸು ನಿಂತದ್ದೇ ತಡ, ಮಾವ ಇಳಿದು ಪರಿಚಯದ ಟ್ರ್ಯಾಕ್ಟರ್ ಮಿಸ್ತ್ರಿಯ ಮುಂದೆ ಬಾಯಿ ತೆರೆದು ಕೂತರು! ಮಿಸ್ತ್ರಿ ಬ್ಯಾಟರಿ ಬೆಳಕು ಬಿಟ್ಟು ನೋಡಿ, ನಟ್ಟು ಬಿಗಿಯುವ ಪಾನಾ ಕೈಗೆತ್ತಿಕೊಂಡಾಗ ನಾನು ಮಾವನ ರಟ್ಟೆ ಹಿಡಿದು ಎಳೆದೆ. ಬಾಯಿಗೂ ಪಾನಾಕ್ಕೂ ಸಾಕಷ್ಟು ಹೊತ್ತು ಕಣ್ಣಲ್ಲೇ ಅಳತೆ ಹಾಕಿ, "ಸಾವ್ಕಾರ್ರ, ಈ ನಂಬರಿಂದು ನನ್ನ ಹತ್ರ ಇಲ್ರಿ," ಎಂದು ಅವನು ಅದನ್ನು ಕೆಳಗಿಟ್ಟ. ಇದ್ದಿದ್ದರೆ?

ಲಿಂಗಸುಗೂರಿನ ಡಾಕ್ಟರಮ್ಮ ಬಾಯಿ ನೋಡಿ ಬೆಚ್ಚಿದರು. ಹಲ್ಲಿಗೆ ಹುಳ ಹತ್ತದಿದ್ದರೇನು, ಸುತ್ತಲಿನ ವಸಡು, ಮೂಳೆ ಮಾವನವೇ ತಾನೆ? ಕೊಳೆ ಕೂತು ವಸಡಿನಲ್ಲಿ ಕೀವಾಗಿ, ಒಳಗೆ ಮೂಳೆಯೂ ಕರಗತೊಡಗಿತ್ತು. ಮರಗಟ್ಟಿಸುವ ಸೂಜಿ ಕೊಟ್ಟು, ವಸಡು ಬಿಡಿಸಿ, ತಿರುಪಿನ ಸುತ್ತ ಕೆರೆದು ತೊಳೆದು ಹೊಲಿಗೆ ಹಾಕಿದರು. ತಂಬಾಕು ಬಿಡಬೇಕು, ಮೆತ್ತನೆಯ ಬ್ರಷ್ಷಿನಿಂದ ದಿನಾ ತಿಕ್ಕಬೇಕು, ಮಾಯುವ ತನಕ ಗಟ್ಟಿ ಪದಾರ್ಥ ಮುಟ್ಟಲೇಬಾರದು, ಇಲ್ಲವಾದರೆ ತಿರುಪನ್ನೇ ಕಿತ್ತುಹಾಕಬೇಕಾಗುತ್ತದೆ ಎಂದರು. ಮಾವ ಎಂದೂ ಇಲ್ಲದಂತೆ ಎಲ್ಲದಕ್ಕೂ ತಲೆಯಾಡಿಸಿದರು. ಅತ್ತೆಗೆ ಮಾತ್ರ ಹೇಳಬೇಡ ಎಂದು ನನ್ನ ಕೈ ಹಿಡಿದು ಕೇಳಿಕೊಂಡರು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು!

ನಾಲ್ಕನೇ ದಿನ ಸಿಂಧನೂರಿಗೆ ಹೋದೆ. ಹೊಸ್ತಿಲಲ್ಲೇ ಕೇಳಿತು: ಕಟಂ! ಇನ್ನೂ ಹೊಲಿಗೆ ಬಿಚ್ಚಿಲ್ಲ, ಮತ್ತೆ ಕಟಂ! ಇಂಥ ಮನುಷ್ಯನೂ ಇರುತ್ತಾನೆಯೇ? ಸಿಟ್ಟು ನೆತ್ತಿಗೇರಿ ಒಳಗೆ ನುಗ್ಗಿದೆ.

ಮಾವ ರೊಟ್ಟಿಯನ್ನು ಬಾಯಿಯ ಹತ್ತಿರ ಹಿಡಿದು ಕೈಯಿಂದ ಮುರಿಯುತ್ತಿದ್ದರು. ಚೂರುಗಳು ತೊಡೆಯ ಮೇಲೆ ಹಾಸಿದ್ದ ಟವೆಲ್ಲಿಗೆ ಬೀಳುತ್ತಿದ್ದವು. ಮುಂದಿನ ತಾಟಿನಲ್ಲಿ ಬರೀ ಗಂಜಿ. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

ಅತ್ತೆ ನನ್ನ ಹೆಜ್ಜೆಯ ಗುರುತು ಹಿಡಿದು, "ಬಂದೇನಪಾ? ನಿಮ್ಮ ಮಾವಗ ಹಲ್ಲು ಬೇಷ್ ಕುಂತೈತಿ ನೋಡು," ಎಂದು ನಗುತ್ತ ಒಂದು ತುತ್ತು ಬಾಯಿಗಿಟ್ಟರು.

ಮಾವನ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಉಕ್ಕಿರಲಿಲ್ಲ. ನನ್ನನ್ನೇ ನೋಡುತ್ತ ಅವರು ಮುರಿಯುವುದನ್ನು ಮರೆತಿದ್ದರು. ಸದ್ದು ನಿಂತಿತು. ಅತ್ತೆಯ ಕೈಯೂ ತಾಟಿನ ಮೇಲೆ ನಿಂತಿತು.

ನಾನು ಮಾವನಿಗೆ ಒತ್ತಿಕೊಂಡು ಕೂತು, ಅವರ ಕೈಯ ರೊಟ್ಟಿ ತೆಗೆದುಕೊಂಡು ಜೋರಾಗಿ ಕಡಿದೆ. ಅತ್ತೆ ಮತ್ತೆ ಉಣ್ಣತೊಡಗಿದರು.