ಉಮಾವತಿಯ ಸಕ್ಕರೆ ಸ್ಕ್ರಬ್ಬು

ಚಟ್ನಿ ಎಂಬ ಶಬ್ದ ಕೇಳಿದರೆ ಉಮಾವತಿಗೆ ಮೈಯೆಲ್ಲ ಉರಿಯುತ್ತಿತ್ತು. ಪಾಪ, ಚಟ್ನಿಯ ತಪ್ಪೇನೂ ಇರಲಿಲ್ಲ. ಮುಂಬಯಿ ಬಳಿಯ ಡೊಂಬಿವಲಿ ಪೂರ್ವದ ಅವಳ ಹೌಸಿಂಗ್ ಸೊಸೈಟಿಯಲ್ಲಿ ಗಣಪತಿ ಕೂರಿಸಲಿ, ಯಾರದ್ದಾದರೂ ಹುಟ್ಟುಹಬ್ಬವಿರಲಿ, ಕಡೆಗೆ ನೀರಿನ ಟ್ಯಾಂಕ್ ತೊಳೆಸುವ ಮೀಟಿಂಗೇ ಇರಲಿ, ಚೇರ್ಮನ್ನರ ಹೆಂಡತಿ ಕರಂದೀಕರ್ ಕಾಕು ರಂಗೋಲಿ, ಹಾಡು, ಭಾಷಣಗಳನ್ನೆಲ್ಲ ಬೇರೆ ಹೆಂಗಸರಿಗೆ ಹಂಚಿ, ಕೊನೆಗೆ ಇವಳ ಕಡೆ ತಿರುಗಿ, "ಉಮಾ, ಚಟ್ಣಿ ತೂಚ್ ಕರ್!" ಎಂದು ಚಟ್ನಿಯನ್ನು ಅವಳ ತಲೆಗೇ ಕಟ್ಟಿಬಿಡುತ್ತಿದ್ದರು. ಗಂಡ ಮುಂಡಪ್ಪ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲೊಂದರ ಮ್ಯಾನೇಜರ್. ಹಾಗಾಗಿ ಅವನ ಹೆಂಡತಿ ಒರಳುಕಲ್ಲಿನ ಪಕ್ಕದಲ್ಲೇ ಹುಟ್ಟಿರಬೇಕೆಂದು ಸೊಸೈಟಿಯವರೆಲ್ಲ ನಂಬಿದ್ದರು.

ಒಂದೇ ಒಂದು ಸಲ, ತಿನ್ನುವಂಥದ್ದಲ್ಲದ ಏನನ್ನಾದರೂ ಮಾಡಿ ಕಾಕುವಿನ ಬಾಯಿಂದ "ಕಿತೀ ಛಾನ್!" ಅನ್ನಿಸಿಕೊಳ್ಳಬೇಕು. ಉಮಾವತಿಗೆ ಬೇಕಾದದ್ದು ಇಷ್ಟೇ. ಎಷ್ಟು ಚೆಂದ ಅಂತ ಒಂದು ಮಾತು.

ಅವಕಾಶ ಸಂಕ್ರಾಂತಿಯಲ್ಲಿ ಬಂತು. ಆ ದಿನಗಳಲ್ಲಿ ಅಲ್ಲಿ ಮನೆಮನೆಯಲ್ಲೂ ಹಳದಿಕುಂಕುಮ. ಬಂದ ಹೆಂಗಸರಿಗೆ ಎಳ್ಳುಂಡೆಯ ಜೊತೆ 'ವಾಣ' ಎಂದು ಒಂದು ಸಣ್ಣ ಉಡುಗೊರೆ ಕೊಡುವುದು ಪದ್ಧತಿ. ಎಲ್ಲರೂ ಪ್ಲಾಸ್ಟಿಕ್ ಬುಟ್ಟಿ, ಚಹಾ ಸೋಸುವ ಜರಡಿ ಕೊಟ್ಟರೆ, ಉಮಾವತಿ ಮಗಳು ಪೂಜಿತಾಳ ಮೊಬೈಲಿನಲ್ಲಿ ವಿಡಿಯೋ ನೋಡಿ ಸಕ್ಕರೆಯ ಸ್ಕ್ರಬ್ ಮಾಡಿದಳು. ಕಂದು ಸಕ್ಕರೆ, ಊರಿನ ತೆಂಗಿನೆಣ್ಣೆ, ಜೇನು, ತುರಿದ ಲಿಂಬೆಸಿಪ್ಪೆ, ಬಣ್ಣಕ್ಕೆ ಚಿಟಿಕೆ ಅರಿಶಿನ. ಮುಖಕ್ಕೆ ಮೆಲ್ಲಗೆ ತಿಕ್ಕಿ ತೊಳೆದರೆ ಚರ್ಮ ಮಗುವಿನದರಂತೆ ಆಗುತ್ತದಂತೆ. ಅದನ್ನು ಚಿಕ್ಕ ಚಿಕ್ಕ ಡಬ್ಬಿಗಳಿಗೆ ತುಂಬಿ, ಗುಲಾಬಿ ರಿಬ್ಬನ್ ಕಟ್ಟಿದಳು.

ಮುಂಡಪ್ಪ ಒಂದು ಡಬ್ಬಿ ಮೂಸಿ ನೋಡಿ, "ಎಂತ ಪರಿಮಳ ಮಾರಾಯ್ತಿ! ಇದಕ್ಕೆ ಸ್ವಲ್ಪ ಏಲಕ್ಕಿ ಹಾಕಿದ್ರೆ..." ಎನ್ನುತ್ತಿದ್ದಂತೆ ಅವಳು ಅದನ್ನು ಕಸಿದುಕೊಂಡಳು.

"ಇದು ತಿನ್ಲಿಕ್ಕೆ ಅಲ್ಲ! ನಿಮಗೆ ಹೋಟೆಲು ಬಿಟ್ರೆ ಬೇರೆ ಲೋಕ ಉಂಟಾ?"

ಮಧ್ಯಾಹ್ನದ ಹಳದಿಕುಂಕುಮಕ್ಕೆ ಹೆಂಗಸರು ಒಟ್ಟಿಗೇ ನುಗ್ಗಿದರು. ಒಬ್ಬರಿಗೆ ಕುಂಕುಮ ಇಡುವಷ್ಟರಲ್ಲಿ ಇನ್ನೊಬ್ಬರು ಚಪ್ಪಲಿ ಹುಡುಕುತ್ತಿದ್ದರು. ಎಲ್ಲರಿಗೂ ಇನ್ನೂ ನಾಲ್ಕು ಮನೆಗೆ ಹೋಗುವುದಿತ್ತು. ಡಬ್ಬಿ ಕೊಡುವಾಗ ಹೇಳಬೇಕೆಂದು ಉಮಾವತಿ ಕನ್ನಡಿಯ ಮುಂದೆ ಮರಾಠಿಯಲ್ಲಿ ಅಭ್ಯಾಸ ಮಾಡಿದ್ದ ಪುಟ್ಟ ಭಾಷಣ ಗಂಟಲಲ್ಲೇ ಉಳಿಯಿತು. ಕೊನೆಯವರು ಹೋದಾಗ ಅವಳು ಸೋಫಾದ ಮೇಲೆ ಕುಸಿದು, ಇವತ್ತು ಗೆದ್ದೆ ಎಂದುಕೊಂಡಳು.

ಅಷ್ಟರಲ್ಲಿ ಎದುರು ಮನೆಯ ದ್ರೌಪದಿ ಬಂದಳು. ಕಲಬುರಗಿ ಕಡೆಯವಳು. ಕೈಯಲ್ಲಿ ಖಾಲಿ ಡಬ್ಬಿ.

"ಉಮಾವತಿಯವರ, ಏನ್ ಛಲೋ ಮಾದ್ಲಿ ಮಾಡೀರ್ರಿ! ನಮ್ಮ ಯಜಮಾನ್ರು ಹಾಲು ಹಾಕ್ಕೊಂಡು ಒಂದ್ ಚೂರೂ ಬಿಡದಂಗ ತಿಂದ್ರು. ಇನ್ನೊಂದೀಟ್ ಐತೇನ್ರಿ?"

ಸಂಕ್ರಾಂತಿಯಲ್ಲಿ ಆ ಕಡೆಯವರು ಗೋಧಿ ರೊಟ್ಟಿ ಪುಡಿಮಾಡಿ ಬೆಲ್ಲ ಕಲಸಿ ಮಾಡುವ ಸಿಹಿ ಮಾದ್ಲಿ. ಬಣ್ಣವೂ ಅದೇ, ತರಿತರಿಯೂ ಅದೇ. ಉಮಾವತಿ ಸೋಫಾದಿಂದ ಎದ್ದು ನಿಂತಳು.

"ಹೊಟ್ಟೆ... ಹೊಟ್ಟೆ ಸರಿ ಉಂಟಾ ಅವರದ್ದು?"

"ಮಸ್ತ್ ಐತ್ರಿ. ಮಲ್ಕೊಂಡಾರ."

ಮಲಗಿದ್ದಾರೆಯೇ! ಉಮಾವತಿ ಓಡಿಹೋಗಿ ಇಣುಕಿದಳು. ದ್ರೌಪದಿಯ ಗಂಡ ಅಂಬಾರಾಯರು ಗೊರಕೆ ಹೊಡೆಯುತ್ತಿದ್ದರು. ಜೀವ ಬಂದಂತಾಯಿತು, ಮಾನ ಮಾತ್ರ ಹೋಗುವುದರಲ್ಲಿತ್ತು. ಇವರು ತಿಂದರೆಂದರೆ ಎಲ್ಲರೂ ತಿನ್ನುತ್ತಾರೆ. ಉಡುಪಿಯವರ ಮನೆಯ ಡಬ್ಬಿಯಲ್ಲಿ ತಿನ್ನದ ವಸ್ತು ಇರಬಹುದೆಂದು ಈ ಸೊಸೈಟಿಯಲ್ಲಿ ಯಾರಿಗೆ ಹೊಳೆದೀತು? ಈಗ ಮುಖಕ್ಕೆ ಹಚ್ಚುವುದೆಂದು ಹೇಳಹೋದರೆ, ಆಗಲೇ ತಿಂದವರಿದ್ದರೆ, ನಾಳೆ ಕಾಕು ಎಲ್ಲರೆದುರು, "ಉಮಾನೇ ಆಮ್ಹಾಲಾ ತೇಲ್ ಖಾಯಲಾ ದಿಲಂ" ಎಂದು, ಎಣ್ಣೆ ತಿನ್ನಿಸಿದವಳೆಂದು, ಆಡಿಕೊಳ್ಳುತ್ತಾರೆ.

ಅವಳು ಹೋಟೆಲಿಗೆ ಫೋನ್ ಮಾಡಿದಳು. ಮುಂಡಪ್ಪ ಮೊದಲು ಮನಸಾರೆ ನಕ್ಕು, ಆಮೇಲೆ ಉಪಾಯ ಹೇಳಿದ. "ಪಂಚಕಜ್ಜಾಯ ಮಾಡು ಮಾರಾಯ್ತಿ. ನೋಡ್ಲಿಕ್ಕೆ ಹಾಗೇ ಇರ್ತದೆ. ಡಬ್ಬಿ ಬದಲಾಯಿಸಿ ಬಾ, ಮುಗೀತು."

ಅಡುಗೆಮನೆಯಿಂದ ತಪ್ಪಿಸಿಕೊಳ್ಳಲು ಹೊರಟವಳು ಮತ್ತೆ ಅಡುಗೆಮನೆಗೇ ಹೊಕ್ಕಳು. ಹುರಿಗಡಲೆ ಪುಡಿಮಾಡಿ, ಬೆಲ್ಲ, ಕೊಬ್ಬರಿತುರಿ, ಎಳ್ಳು, ತುಪ್ಪ ಕಲಸಿ, ಉಳಿದಿದ್ದ ಖಾಲಿ ಡಬ್ಬಿಗಳಿಗೆ ತುಂಬಿ, ಅದೇ ರಿಬ್ಬನ್ ಕಟ್ಟಿದಳು. ದ್ರೌಪದಿಗೆ ಒಂದು ಕೊಟ್ಟು, ಉಳಿದವನ್ನು ಎರಡು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲು ಹತ್ತಿದಳು.

"ಸಾರಿ ಹಾಂ, ಆಗ ಕೊಟ್ಟದ್ದು ಬದಲಾಗಿ ಹೋಯ್ತು. ಇದು ಫ್ರೆಶ್" ಎಂದು ಹರಕು ಮರಾಠಿಯಲ್ಲಿ ಹೇಳುತ್ತಾ ಮನೆಮನೆಗೂ ಹೋದಳು. ಹೆಚ್ಚಿನವರು ಡಬ್ಬಿಯನ್ನು ಇನ್ನೂ ಬಿಚ್ಚಿರಲಿಲ್ಲ. ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಚಮಚ ಬಾಯಿಯ ಹತ್ತಿರ ತಂದಿದ್ದರು. ಉಮಾವತಿ ಅದನ್ನು ಕಸಿದುಕೊಂಡ ರಭಸಕ್ಕೆ ಅಜ್ಜಿಯ ಕನ್ನಡಕ ಹಾರಿ ಸೋಫಾದ ಕೆಳಗೆ ಹೋಯಿತು. ಅದನ್ನು ಹುಡುಕಿಕೊಟ್ಟು, ಕಾಲಿಗೆ ಬಿದ್ದು, ಡಬ್ಬಿ ಬದಲಾಯಿಸಿ ಬಂದಳು.

ಕರಂದೀಕರ್ ಕಾಕು ಅದನ್ನು ದೇವರ ಮುಂದಿಟ್ಟು ನೈವೇದ್ಯ ಮಾಡಿಬಿಟ್ಟಿದ್ದರು. "ದೇವರಿಗೆ ತೋರಿಸಿಯಾಯ್ತು, ಈಗ ಬದಲಾಯಿಸುವುದು ಹೇಗೆ?" ಎಂಬುದು ಅವರ ಪ್ರಶ್ನೆ. ಅವರು ಚಹಾ ಇಡಲು ಒಳಗೆ ಹೋದಾಗ ಉಮಾವತಿ ಡಬ್ಬಿ ಬದಲಾಯಿಸಿ, ಗಣಪತಿಯ ಮುಂದೆ ಗಲ್ಲ ಬಡಿದುಕೊಂಡಳು. "ತಪ್ಪಾಯ್ತು ದೇವರೇ, ನೀನು ತಿಂದಿದ್ರೆ ಇದನ್ನೂ ಮೇಲೆ ತಿಂದುಬಿಡು."

ಇನ್ನು ಉಳಿದದ್ದು ಒಂದು. ಅದು ಹಳದಿಕುಂಕುಮಕ್ಕೆ ಬಂದಿದ್ದ ಮುಂಡಪ್ಪನ ಅಕ್ಕ ವಿಮಲಕ್ಕನ ಕೈಯಲ್ಲಿತ್ತು. ಅವರು ಬದಲಾಪುರಕ್ಕೆ ಹೋಗಲು ಆಗಲೇ ಸ್ಟೇಷನ್ನಿಗೆ ಹೊರಟಿದ್ದರು. ವಿಮಲಕ್ಕ ತಿಂದರೆ ಸುದ್ದಿ ಡೊಂಬಿವಲಿಯಲ್ಲಿ ನಿಲ್ಲುವುದಿಲ್ಲ, ಊರು ಮೂಲ್ಕಿಯವರೆಗೂ ಹೋಗುತ್ತದೆ. ಉಮಾವತಿ ರಿಕ್ಷಾ ಹಿಡಿದು, ಸೇತುವೆ ಹತ್ತಿ ಇಳಿದು, ಏದುಸಿರು ಬಿಡುತ್ತಾ ಪ್ಲಾಟ್‌ಫಾರ್ಮಿಗೆ ಬಂದಾಗ ಗಾಡಿ ನಿಂತಿತ್ತು. ಲೇಡೀಸ್ ಬೋಗಿಯ ಕಿಟಕಿಯಲ್ಲಿ ವಿಮಲಕ್ಕ ರಿಬ್ಬನ್ ಬಿಚ್ಚುತ್ತಿದ್ದರು.

"ವಿಮಲಕ್ಕಾ! ತಿನ್ಬೇಡಿ!"

"ಎಂತದು? ಹಾಳಾಗಿದ್ಯಾ?"

"ಅದು ಕೊಡಿ, ಇದು ತಗೊಳ್ಳಿ!"

ಕಿಟಕಿಯ ಸರಳಿನ ಸಂದಿಯಿಂದ ಒಂದು ಡಬ್ಬಿ ಹೊರಗೆ ಬಂತು, ಇನ್ನೊಂದು ಒಳಗೆ ಹೋಯಿತು. ಗಾಡಿ ಹೊರಟಿತು. ಉಮಾವತಿ ಬೆವರು ಒರೆಸಿಕೊಂಡು ಹಿಂದೆ ತಿರುಗಿದರೆ ಎದುರಿಗೆ ಕಾನ್‌ಸ್ಟೇಬಲ್. ಓಡಿಬಂದು ಹೊರಡುವ ಗಾಡಿಗೆ ಡಬ್ಬಿ ತುರುಕಿದ ಹೆಂಗಸನ್ನು ಅವನು ಸುಮ್ಮನೆ ಬಿಡುತ್ತಾನೆಯೇ?

"ಕ್ಯಾ ಹೈ ಇಸ್‌ಮೇ?"

ಸೌಂದರ್ಯದ ಸ್ಕ್ರಬ್ ಎಂದು ವಿವರಿಸುವಷ್ಟು ಹಿಂದಿ ಆ ಗಾಬರಿಯಲ್ಲಿ ಅವಳ ಬಾಯಿಗೆ ಬರಲಿಲ್ಲ. "ಮಿ... ಮಿಠಾಯಿ" ಎಂದಳು.

"ಖಾಕೆ ದಿಖಾವ್."

ತಿಂದು ತೋರಿಸದೆ ಬೇರೆ ದಾರಿಯಿರಲಿಲ್ಲ. ಉಮಾವತಿ ತನ್ನದೇ ಸ್ಕ್ರಬ್ಬನ್ನು ಬೆರಳಿನಲ್ಲಿ ತೆಗೆದು ಬಾಯಿಗೆ ಹಾಕಿಕೊಂಡಳು. ನಿಜ ಹೇಳಬೇಕೆಂದರೆ ಬಹಳ ರುಚಿಯಾಗಿತ್ತು. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ಕಾನ್‌ಸ್ಟೇಬಲ್ ತಾನೂ ಕೈಯೊಡ್ಡಿ ಒಂದಿಷ್ಟು ಬಾಯಿಗೆ ಹಾಕಿಕೊಂಡು, ತಲೆಯಾಡಿಸಿ, ಹೋಗು ಎಂದು ಕೈ ಬೀಸಿದ.

ಮನೆಗೆ ಬಂದು ಡಬ್ಬಿಗಳನ್ನೆಲ್ಲ ಸಿಂಕಿನ ಕೆಳಗೆ ಅಡಗಿಸಿಟ್ಟು ಕೂತಳು. ಕ್ಲಾಸಿನಿಂದ ಬಂದಿದ್ದ ಪೂಜಿತಾ ಮೊಬೈಲ್ ನೋಡಿ ಮುಸಿಮುಸಿ ನಗುತ್ತಿದ್ದಳು. ಮುಂಡಪ್ಪನೂ ಅಂದು ಬೇಗ ಬಂದಿದ್ದ. ಕಾಕು ಮೆಚ್ಚದಿದ್ದರೆ ಬೇಡ, ಮಾನ ಉಳಿಯಿತಲ್ಲ ಎಂದು ಉಮಾವತಿ ಸಮಾಧಾನ ಮಾಡಿಕೊಳ್ಳುತ್ತಿರುವಾಗಲೇ ಬೆಲ್ ಹೊಡೆಯಿತು.

ಬಾಗಿಲು ತೆಗೆದವಳು ಚೀರಿಬಿಟ್ಟಳು.

ಹೊರಗೆ ಕರಂದೀಕರ್ ಕಾಕು. ಅವರ ಹಿಂದೆ ಮೆಟ್ಟಿಲ ತುಂಬ ಸೊಸೈಟಿಯ ಹೆಂಗಸರು. ಎಲ್ಲರ ಮುಖಕ್ಕೂ ಪಂಚಕಜ್ಜಾಯ ಮೆತ್ತಿತ್ತು. ಕಾಕುವಿನ ಹುಬ್ಬಿನಲ್ಲಿ ಎಳ್ಳು, ಗಲ್ಲದಲ್ಲಿ ಕೊಬ್ಬರಿತುರಿ. ಹಿಂದಿನಿಂದ ಕನ್ನಡಕದ ಅಜ್ಜಿಯೂ ಇಣುಕುತ್ತಿದ್ದರು. ಅವರ ಕನ್ನಡಕಕ್ಕೂ ಬೆಲ್ಲ ಅಂಟಿತ್ತು.

"ಕಾಕೂ, ಇದೆಂತ?"

ಉತ್ತರ ಒಳಗಿನಿಂದ ಬಂತು. "ಮಮ್ಮಿ, ದ್ರೌಪದಿ ಆಂಟೀನೇ ಬೋಲಾ, ಅಂಕಲ್ ಸ್ಕ್ರಬ್ ಖಾ ಗಯೇ" ಎಂದಳು ಪೂಜಿತಾ, ಪದಕ ಗೆದ್ದವಳ ಮುಖ ಮಾಡಿಕೊಂಡು. "ತೂ ಘರ್ ಪೇ ನಹೀ ಥೀ. ತೋ ಮೈನೇ ಲೇಡೀಸ್ ಗ್ರೂಪ್ ಪೇ ಮೆಸೇಜ್ ಡಾಲ್ ದಿಯಾ. ಖಾನೇ ಕಾ ನಹೀ, ಮುಹ್ ಪೇ ಲಗಾನೇ ಕಾ!"

ಡಬ್ಬಿಯಲ್ಲಿದ್ದದ್ದನ್ನು ಅಂಕಲ್ ತಿಂದರೆಂದು ದ್ರೌಪದಿ ಹೇಳಿದ್ದೇ ತಡ, ಅಮ್ಮ ಮನೆಯಲ್ಲಿಲ್ಲವೆಂದು ಇವಳೇ ಹೆಂಗಸರ ಗ್ರೂಪಿಗೆ ಮೆಸೇಜ್ ಹಾಕಿದ್ದಳು: ತಿನ್ನಬೇಡಿ, ಮುಖಕ್ಕೆ ಹಚ್ಚಿ. ಬೆಳಿಗ್ಗೆಯಿಂದ ಉಮಾವತಿ ಹೇಳಬೇಕೆಂದಿದ್ದ ಮಾತನ್ನೇ ಮಗಳು ಹೇಳಿದ್ದಳು, ಡಬ್ಬಿಗಳೆಲ್ಲ ಬದಲಾದ ಮೇಲೆ.

ಕಾಕು ಒಳಗೆ ಬಂದು, ನೇರ ಬಾತ್‌ರೂಮಿಗೆ ಹೋಗಿ, ಮುಖ ತೊಳೆದುಕೊಂಡು ಬಂದರು. ಬೈಗುಳಕ್ಕೆ ತಯಾರಾಗಿ ಉಮಾವತಿ ಕಣ್ಣುಮುಚ್ಚಿ ನಿಂತಳು. ಕಾಕು ಅವಳ ಕೈಹಿಡಿದು ತಮ್ಮ ಕೆನ್ನೆಗೆ ಒತ್ತಿಕೊಂಡರು. ಕಡಲೆ ಪುಡಿ, ತುಪ್ಪ ತಮ್ಮ ಕೆಲಸ ಮಾಡಿದ್ದವು. ಕೆನ್ನೆ ಬೆಣ್ಣೆಯಂತೆ ನುಣ್ಣಗಿತ್ತು.

"ಉಮಾ! ಕಿತೀ ಛಾನ್!"

ವರ್ಷಗಳಿಂದ ಕಾದಿದ್ದ ಮಾತು. ಅದು ಬಂದದ್ದು ಪಂಚಕಜ್ಜಾಯಕ್ಕೆ! ಉಮಾವತಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

"ಕಾಕೂ, ಅದು ತಿನ್ನುವಂಥದ್ದು. ದೇವರಾಣೆ. ನಮ್ಮ ಊರಿನ ಪ್ರಸಾದ ಅದು!"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಪಾರ್ಲರಿನವರೂ ಹೀಗೆಯೇ, ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ಕಾಕು ತೀರ್ಪು ಕೊಟ್ಟರು. ಮುಂದಿನ ತಿಂಗಳು ತಮ್ಮ ಮಗಳ ಮದುವೆಗೆ ಇದೇ ಬೇಕು, ಮೊದಲು ಒಂದು ದೊಡ್ಡ ಡಬ್ಬ ಇವತ್ತೇ ಮಾಡಿಕೊಡು ಎಂದು ಆರ್ಡರ್ ಕೊಟ್ಟರು. ಅವರ ಹಿಂದೆ ಉಳಿದವರದ್ದೂ ಆರ್ಡರ್ ಶುರುವಾಯಿತು.

ಗುಂಪನ್ನು ಸೀಳಿಕೊಂಡು ಅಂಬಾರಾಯರು ಬಂದರು. ಹಿಂದೆ ದ್ರೌಪದಿ, ಕೈಯಲ್ಲಿ ಅರ್ಧ ತಿಂದ ಪಂಚಕಜ್ಜಾಯ.

"ಅಕ್ಕಾರ, ಇದೂ ಅಡ್ಡಿಯಿಲ್ರಿ, ಆದ್ರ ಆಗಿಂದ್ರ ರುಚಿ ಇದಕ್ಕ ಬರಂಗಿಲ್ರಿ. ನಾಳೆ ಐರೋಲಿ ಆಫೀಸ್ನ್ಯಾಗ ನಮ್ಮ ಹುಡುಗ್ರಿಗೆಲ್ಲಾ ಮಾದ್ಲಿ ತರ್ತೀನಿ ಅಂತ ಫೋನ್ ಮಾಡಿ ಹೇಳೀನಿ."

"ಅಣ್ಣಾ, ಅದು ಮೈಗೆ ತಿಕ್ಕಿಕೊಳ್ಳಲಿಕ್ಕೆ!" ಉಮಾವತಿ ಕೈಮುಗಿದಳು.

"ಹೊಟ್ಟಿಗ ಹೋದ್ರೂ ಕಡೀಕ ಮೈಗೇ ಹತ್ತೂದಲ್ರಿ, ಅಕ್ಕಾರ" ಎಂದು ಅಂಬಾರಾಯರು ಪ್ರೀತಿಯಿಂದ ನಕ್ಕರು.

ಮುಂಡಪ್ಪ ಅಂಗಿಯ ತೋಳು ಮಡಚಿಕೊಂಡ. "ಎರಡು ಒಲೆ ಉಂಟಲ್ಲ ಮಾರಾಯ್ತಿ. ಬಾ, ನಾನೂ ಕೈ ಹಾಕ್ತೇನೆ."

ಬಂದವರೆಲ್ಲ ಸಂತೋಷದಿಂದ ಮನೆಗೆ ಹೋದರು. ಉಮಾವತಿ ಸೆರಗು ಸಿಕ್ಕಿಸಿಕೊಂಡು, ಕರಂದೀಕರ್ ಕಾಕುವಿನ ಮಗಳ ಕೆನ್ನೆಗೆ ಬೇಕಾದ ಎಳ್ಳು ಹುರಿಯತೊಡಗಿದಳು. ಪಕ್ಕದಲ್ಲಿ ಮುಂಡಪ್ಪ ಅಂಬಾರಾಯರ ಆಫೀಸಿನವರ ಊಟಕ್ಕೆ ಲಿಂಬೆಸಿಪ್ಪೆ ತುರಿಯುತ್ತಾ, ಈ ಸಲವಾದರೂ ಏಲಕ್ಕಿ ಹಾಕಲೇ ಎಂದು ಕೇಳಿದ.