ಸರ್ಚ್ ಎಂಜಿನ್ನಿಗೆ ಊಟದ ಒತ್ತಾಯ

ನಮ್ಮ ಕಲಬುರಗಿ ಕಡೆಯವರನ್ನು ಊಟಕ್ಕೆ ಒಂದೇ ಸಲ ಕರೆದರೆ ಕರೆದಂತಲ್ಲ. ಮೊದಲನೆಯ ಕರೆ ಬಾಯಿಮಾತು, ಎರಡನೆಯದು ಮರ್ಯಾದೆ. ಮೂರನೆಯ ಸಲ ರಟ್ಟೆ ಹಿಡಿದು ಎಳೆದಾಗಲೇ ಬಂದವರಿಗೆ ನಂಬಿಕೆ. ಅವರೂ ಅಷ್ಟೇ, ಹೊಟ್ಟೆ ಚುರುಗುಟ್ಟುತ್ತಿದ್ದರೂ "ಈಗಷ್ಟ ಉಂಡು ಬಂದೀನ್ರಿ" ಅನ್ನಬೇಕು. ಈ ಸುಳ್ಳನ್ನು ಕೇಳುವವರು ಯಾರೂ ನಂಬುವುದಿಲ್ಲವಾದ್ದರಿಂದ ಯಾರೂ ಉಪವಾಸ ಬೀಳುವುದಿಲ್ಲ. ಪುಣೆಗೆ ಬಂದು ಇಷ್ಟು ವರ್ಷವಾದರೂ ನನಗೆ ಈ ಚಾಳಿ ಬಿಟ್ಟಿಲ್ಲ. ಇಲ್ಲಿಯವರು ಒಂದೇ ಸಲ ಕೇಳುತ್ತಾರೆ, ಅದೂ "ಚಹಾ ಕುಡಿದೇ ಬಂದಿರಬೇಕಲ್ಲ?" ಎಂದು. ಮೊದಮೊದಲು ನಾನು ಹೌದೆಂದು ತಲೆಯಾಡಿಸಿ, ಎರಡನೆಯ ಕರೆಗಾಗಿ ಕಾದು ಕುಳಿತು, ಒಣಗಂಟಲಲ್ಲೇ ಎದ್ದು ಬಂದದ್ದುಂಟು.

ಇಂಥವನ ಕೈಗೆ ನಮ್ಮ ಶಾಂತಕ್ಕ ತನ್ನ ಖಾನಾವಳಿಯ ವೆಬ್‌ಸೈಟ್ ಒಪ್ಪಿಸಿದಳು. ಪಿಂಪ್ರಿಯ ಕಾಲೊನಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಜೋಳದ ರೊಟ್ಟಿಯ ಊಟ ಹಾಕುತ್ತಿದ್ದವಳು, ವಾಕಡದ ಕಡೆ ಕಂಪ್ಯೂಟರ್ ಕಂಪನಿಯ ಹುಡುಗರು ತುಂಬಿಕೊಂಡದ್ದನ್ನು ನೋಡಿ ಅಲ್ಲೊಂದು ಹಾಲ್ ಬಾಡಿಗೆಗೆ ಹಿಡಿದಳು. "ಆ ಹುಡುಗ್ರು ಊಟಾನೂ ಕಂಪ್ಯೂಟರ್‌ನ್ಯಾಗ ಹುಡುಕ್ತಾರಂತ ತಮ್ಮಾ. ನಮ್ಮ ಹೆಸ್ರು ಅಲ್ಲಿ ಬರ್ಬೇಕು ನೋಡು" ಅಂದಳು. ನಾನು ಕಾರ್ಖಾನೆಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಕೊಡುವ ಕೆಲಸದವನು. ಸಂಜೆಯ ಕ್ಲಾಸಿನಲ್ಲಿ ವೆಬ್‌ಪೇಜ್ ಮಾಡಲು ಕಲಿತಿದ್ದೆ. ಮನೆತನದಲ್ಲಿ ಅಷ್ಟು ಕಲಿತವರು ಬೇರೆ ಯಾರೂ ಇರಲಿಲ್ಲ, ಆದ್ದರಿಂದ ನನ್ನ ತಪ್ಪು ಹಿಡಿಯುವವರೂ ಇರಲಿಲ್ಲ.

ಪುಟ ಬರೆದದ್ದು ಇಂಗ್ಲಿಷಿನಲ್ಲಾದರೂ ಪದ್ಧತಿ ನಮ್ಮೂರಿನದೇ. "ವಾಕಡದ ರೊಟ್ಟಿ ಊಟಕ್ಕೆ ಬನ್ನಿ. ವಾಕಡದಲ್ಲಿ ರೊಟ್ಟಿ ಊಟವೆಂದರೆ ನಮ್ಮ ವಾಕಡದ ರೊಟ್ಟಿ ಊಟ. ಬನ್ನಿ, ವಾಕಡದ ರೊಟ್ಟಿ ಊಟಕ್ಕೆ ಬನ್ನಿ." ಹೀಗೆ ತಲೆಯಿಂದ ಬುಡದವರೆಗೆ ಕರೆದೆ. ಊಟಕ್ಕೆ ಏನಿರುತ್ತದೆ, ಯಾವ ಹೊತ್ತಿಗಿರುತ್ತದೆ ಎಂದು ಹೇಳಲು ಜಾಗವೇ ಉಳಿಯಲಿಲ್ಲ. ಆ ಕಾಲದ ಸರ್ಚ್ ಎಂಜಿನ್ ಕೂಡ ಕಲಬುರಗಿ ಕಡೆಯದೇ ಇರಬೇಕು, ಕರೆದಷ್ಟೂ ಸಂತೋಷಪಟ್ಟು ನಮ್ಮನ್ನು ಎಲ್ಲರಿಗಿಂತ ಮೇಲೆ ಕೂರಿಸಿತು. ಹಾಲ್ ತುಂಬಿತು. ಅಕ್ಕ ಊರಿನಿಂದ ಇಬ್ಬರು ಹೆಣ್ಣುಮಕ್ಕಳನ್ನು ಕರೆಸಿ ರೊಟ್ಟಿ ಬಡಿಯಲು ಇಟ್ಟುಕೊಂಡಳು. ನಾನು ಹೋದಾಗಲೆಲ್ಲ ನನ್ನ ತಾಟಿಗೆ ಕೆನೆಮೊಸರು ಬೀಳತೊಡಗಿತು.

ಆಮೇಲೊಂದು ದಿನ ಹುಡುಕಿ ನೋಡಿದರೆ ನಮ್ಮ ಹೆಸರು ಮೊದಲ ಪುಟದಲ್ಲಿಲ್ಲ, ಎರಡನೆಯದರಲ್ಲೂ ಇಲ್ಲ. ಕಂಪನಿ ಹುಡುಗರೋ, ನಿಂತಲ್ಲಿ ನಿಲ್ಲುವವರಲ್ಲ. ಕೆಲವೇ ತಿಂಗಳಲ್ಲಿ ಹಳಬರು ಕೆಲಸ ಬದಲಿಸಿ ಹೋದರು, ಹೊಸಬರಿಗೆ ನಾವು ಕಾಣಲಿಲ್ಲ. "ದೀಪಾವಳಿತನಕ ನೋಡ್ತೀನಿ, ಆಮ್ಯಾಲ ಹಾಲ್ ಬಿಡೂದ. ಈ ಇಬ್ರಿಗೆ ಏನಂತ ಹೇಳ್ಲಿ ನಾ?" ಎಂದು ಅಕ್ಕ ಕೇಳಿದಳು. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ನನಗೆ ನಿಜಕ್ಕೂ ಸಂಕಟವಾಯಿತು. ಕರೆದದ್ದು ಸಾಲಲಿಲ್ಲವೆಂದುಕೊಂಡು ಪುಟದಲ್ಲಿ ಇನ್ನಷ್ಟು "ಬನ್ನಿ" ಸೇರಿಸಿದೆ. ಹೆಸರು ಇನ್ನೂ ಕೆಳಗಿಳಿಯಿತು.

ಕೊನೆಗೆ ಸೈಬರ್ ಕೆಫೆಯ ಜೋಶಿ ವಿಷಯ ಬಿಡಿಸಿ ಹೇಳಿದರು. ಎಂಜಿನ್ನಿನ ಅಲ್ಗಾರಿದಮ್ ಬದಲಾಗಿದೆಯಂತೆ. ಓದುವವನಿಗೆ ಉಪಯೋಗವಾಗುವ ಮಾತು ಪುಟದಲ್ಲಿದೆಯೇ ಎಂದು ಅದೀಗ ನೋಡುತ್ತದಂತೆ, ಹೇಳಿದ್ದನ್ನೇ ಹೇಳಿದರೆ ಮೋಸವೆಂದು ಹಿಂದಕ್ಕೆ ತಳ್ಳುತ್ತದಂತೆ. "ಏಕದಾ ಸಾಂಗಿತ್ಲ ಕಿ ಬಸ್" ಅಂದರು. ಒಂದು ಸಲ ಹೇಳಿದರೆ ಸಾಕು ಎಂದರ್ಥ. ಸರ್ಚ್ ಎಂಜಿನ್ ಪುಣೆಯವರ ಪೈಕಿ ಸೇರಿಬಿಟ್ಟಿತ್ತು.

ಅಕ್ಕನಿಗೆ ಹೋಗಿ ಇದನ್ನೇ ವರದಿ ಮಾಡಿದೆ. "ಹಂಗಾದ್ರ ಏನ್ ಅಡಿಗಿ ಮಾಡೀನಿ ಅದನ್ನ ಬರಿ" ಅಂದಳು. ಮನಸ್ಸಿಲ್ಲದ ಮನಸ್ಸಿನಿಂದ "ಬನ್ನಿ"ಗಳನ್ನೆಲ್ಲ ಅಳಿಸಿ ಒಂದನ್ನು ಮಾತ್ರ ಉಳಿಸಿದೆ. ಇಂದು ಪುಂಡಿಪಲ್ಯ, ನಾಳೆ ಎಣ್ಣೆಗಾಯಿ, ಬಿಸಿರೊಟ್ಟಿ ಬೇಕಾದವರು ಬೇಗ ಬರಬೇಕು, ತಡವಾದವರಿಗೆ ಒಣಗಿದ ಕಟಕರೊಟ್ಟಿ, ಭಾನುವಾರ ರಾತ್ರಿ ಊಟ ಇಲ್ಲ ಎಂದು ಬರೆದೆ. ದಿನವೂ ಇದನ್ನು ಬದಲಿಸುತ್ತ ಹೋದೆ. ಎಷ್ಟೋ ದಿನ ಏನೂ ಆಗಲಿಲ್ಲ. ದಸರೆಯ ಹೊತ್ತಿಗೆ ನಮ್ಮ ಹೆಸರು ಮೊದಲ ಪುಟದ ತಳದಲ್ಲಿ ತಲೆಯೆತ್ತಿತು. "ಇವತ್ತ ಪುಂಡಿಪಲ್ಯ ಅದ ಅಂತಲ್ರಿ?" ಎಂದು ಕೇಳಿಕೊಂಡು ಹುಡುಗರು ಬರತೊಡಗಿದರು.

ದೀಪಾವಳಿಯ ಹಿಂದಿನ ದಿನ ನಾನು ಹಸಿದುಕೊಂಡೇ ವಾಕಡಕ್ಕೆ ಹೋದೆ. ಹಾಲ್ ಬಿಡುವ ಮಾತಿರಲಿ, ಬಾಗಿಲಲ್ಲೇ ಜನ ನಿಂತಿದ್ದರು. ಒಳಗೆ ಇಬ್ಬರು ಹೆಣ್ಣುಮಕ್ಕಳಿಗೂ ತಲೆಯೆತ್ತಲು ಪುರಸೊತ್ತಿರಲಿಲ್ಲ. ಅಕ್ಕ ತುಂಬಿದ ತಾಟು ಹಿಡಿದು ಬಂದು "ಉಣ್ತೀಯೇನೋ?" ಅಂದಳು.

"ಈಗಷ್ಟ ಉಂಡು ಬಂದೀನಿ ಅಕ್ಕಾ" ಅಂದು, ಎರಡನೆಯ ಕರೆಗೆ ಕಾದು ನಿಂತೆ.

ಅಕ್ಕ ತಾಟನ್ನು ನನ್ನ ಹಿಂದಿದ್ದ ಹುಡುಗನ ಕೈಗೆ ಕೊಟ್ಟಳು. ನನ್ನ ಮುಖ ನೋಡಿ, "ಯಾಕೋ ತಮ್ಮಾ? ನೀನ ಹೇಳಿದ್ಯಲ್ಲ, ಏಕದಾ ಸಾಂಗಿತ್ಲ ಕಿ ಬಸ್" ಎಂದು ಒಳಗೆ ಹೋದಳು.

ರಸ್ತೆಯ ಆಚೆಗೆ ವಡಾಪಾವಿನ ಗಾಡಿಯಿತ್ತು. ಗಾಡಿಯವನೂ "ಬೇಕೇ?" ಎಂದು ಒಂದೇ ಸಲ ಕೇಳಿದ. ಅವನ ಮಾತು ಮುಗಿಯುವ ಮೊದಲೇ ನಾನು ಹೌದೆಂದೆ.