ದೊಡ್ಡಮ್ಮನ ತಲೆಗೊಂದು ಕೆಂಪು ಸುತ್ತು

ಕಾಗದದ ಮೇಲೆ ಗೆರೆ ಎಳೆಯುವುದು ಸುಲಭ. ಕಾಗದ ಎದ್ದು ಓಡುವುದಿಲ್ಲ. ಓಡುವ ಚಿತ್ರದ ಮೇಲೆ ಎಳೆದು ನೋಡಿ, ಆಗ ಗೊತ್ತಾಗುತ್ತದೆ. ದಪ್ಪ ಮಾನಿಟರುಗಳ ಆ ಕಾಲದಲ್ಲಿ ನಾನು ಕುಂದಾಪುರದ ಬಾಡಿಗೆ ಮನೆಯಲ್ಲಿ ಕೂತು ಒಂದು ಸಾಫ್ಟ್‌ವೇರ್ ಬರೆಯುತ್ತಿದ್ದೆ. ಹೆಮ್ಮಾಡಿಯ ವಾಲಿಬಾಲ್ ಕೋಚ್ ಒಬ್ಬರಿಗೆ ಪಂದ್ಯದ ವಿಡಿಯೋ ನಿಲ್ಲಿಸಿ, ಆಟಗಾರನಿಗೆ ಸುತ್ತು ಹಾಕಿ, ‘ನೀನು ಇಲ್ಲಿಗೆ ಓಡಬೇಕಿತ್ತು’ ಎಂದು ಬಾಣದ ಗುರುತಿನಿಂದ ತೋರಿಸಬೇಕಿತ್ತು. ಸುತ್ತು ಮಾಡಿದೆ, ಬಾಣ ಮಾಡಿದೆ. ಅಳಿಸುವ ರಬ್ಬರು ಮಾತ್ರ ಮಾಡಲಿಲ್ಲ. ಕೋಚ್ ಆದವರು ತಪ್ಪು ಗೆರೆ ಎಳೆಯುತ್ತಾರೆಯೇ ಎಂಬ ಗೌರವ. ನನ್ನ ಸೋಮಾರಿತನಕ್ಕೆ ನಾನಿಟ್ಟ ಹೆಸರು ಅದು.

ಪರೀಕ್ಷಿಸಲು ಪಂದ್ಯದ ವಿಡಿಯೋ ಇನ್ನೂ ಕೈಸೇರಿರಲಿಲ್ಲ. ಮನೆಯಲ್ಲಿದ್ದದ್ದು ನನ್ನ ಹೆಂಡತಿ ವಸಂತಿಯ ತಮ್ಮನ ಮದುವೆಯ ಸಿ.ಡಿ. ಅದನ್ನೇ ಹಾಕಿದೆ. ವಸಂತಿ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದು ನೋಡಿದಳು. ನೋಡಿದವಳು ಸುಮ್ಮನಿರಲಿಲ್ಲ.

“ಹ್ವಾಯ್, ಇಲ್ಲ್ ಕಾಣಿ. ನಾವೆಲ್ಲ ಊಟ ಬಡ್ಸುಕೆ ಓಡುವತಿಗೆ ಸುಮಿತ್ರ ಫ್ಯಾನಿನ್ ಅಡಿಗೆ ಕೂಕಂಡಿದ್ಲ್!”

ಸುಮಿತ್ರ ಎಂದರೆ ಬಿಜೂರಿನಲ್ಲಿರುವ ವಸಂತಿಯ ದೊಡ್ಡಮ್ಮನ ಸೊಸೆ. ವಸಂತಿ ಮೌಸ್ ಕಿತ್ತುಕೊಂಡು ಅವಳ ತಲೆಗೆ ಒಂದು ಕೆಂಪು ಸುತ್ತು ಎಳೆದಳು. ವಿಡಿಯೋ ಮುಂದಕ್ಕೆ ಓಡಿತು. ಸುಮಿತ್ರ ಎದ್ದು ಹೋದಳು, ಸುತ್ತು ಅಲ್ಲೇ ಉಳಿಯಿತು. ಖಾಲಿ ಕುರ್ಚಿಗೆ ದೊಡ್ಡಮ್ಮ ಬಂದು ಸುತ್ತಿನೊಳಗೆ ಸರಿಯಾಗಿ ಕೂತರು. ನನ್ನ ವಿನ್ಯಾಸದ ದೋಷ ಕಂಡು ನಾನು ವಿಡಿಯೋ ನಿಲ್ಲಿಸುವುದಕ್ಕೂ, ನಿಜವಾದ ದೊಡ್ಡಮ್ಮ ಸೌತೆಕಾಯಿ ಚೀಲ ಹಿಡಿದು ಒಳಗೆ ಬರುವುದಕ್ಕೂ ಸರಿಹೋಯಿತು.

“ಅಳಿಯಂದ್ರೇ, ನನ್ನ್ ತಲಿಗ್ ಎಂತಕ್ ಸುತ್ತ್ ಹಾಕಿದ್ರಿ?”

ನಿಜ ಹೇಳಿದರೆ ಸೊಸೆಯ ಮಾನ ಹೋಗುತ್ತದೆ, ಹೇಳದಿದ್ದರೆ ದೊಡ್ಡಮ್ಮನದು. ವಸಂತಿ ಒಲೆಯ ನೆಪ ಹೇಳಿ ಅಡುಗೆಮನೆಗೆ ಜಾರಿದಳು. ಅಳಿಸಲು ರಬ್ಬರಿಲ್ಲ, ಕಂಪ್ಯೂಟರನ್ನೇ ಆರಿಸಬಹುದೆಂದು ಗಾಬರಿಯಲ್ಲಿ ಹೊಳೆಯಲೂ ಇಲ್ಲ.

“ಅದ್... ಮುಖ್ಯ ಆದವ್ರಿಗೆ ಹಾಕುದ್, ದೊಡ್ಡಮ್ಮ.”

ಅವರ ಮುಖ ಅರಳಿತು. ಕುರ್ಚಿ ಎಳೆದು ನನ್ನ ಪಕ್ಕದಲ್ಲೇ ಕೂತರು. “ಹಂಗಾರೆ ಮದಿಮಗಳಿಗೆ ಎಂತಕ್ ಇಲ್ಲೆ? ಹಾಕಿ. ಅಡುಗೆ ಭಟ್ರಿಗೂ ಒಂದ್ ಹಾಕಿ, ಪಾಪ.” ನಾನು ವಿಡಿಯೋ ಓಡಿಸಿ, ನಿಲ್ಲಿಸಿ, ಹಾಕುತ್ತ ಹೋದೆ. ಸುಮಿತ್ರಳಿಗೂ ಮರ್ಯಾದೆಯ ಸುತ್ತು ಬಿತ್ತು. ಪರದೆಯ ತುಂಬ ಕೆಂಪು ಬಳೆಗಳು. ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡರು.

“ಅದ್ ಯಾರ್, ಎಲ್ಲರೂ ಬಡ್ಸುವತಿಗೆ ಕಂಬಕ್ಕೆ ಒರ್ಗಿ ನಿಂತ್ಕಂಡದ್?”

ವಸಂತಿ ಅಡುಗೆಮನೆಯಿಂದ ಬಂದು, ಮೌಸ್ ಹಿಡಿದು, ಆ ಕಂಬದತ್ತ ದಪ್ಪನೆಯ ಬಾಣವೊಂದನ್ನು ಎಳೆದಳು. ಅದರ ತುದಿ ನೆಟ್ಟಗೆ, ಪರದೆಯಲ್ಲಿ ಕಂಬಕ್ಕೊರಗಿ ನಿಂತಿದ್ದ ನನ್ನ ಮೂಗಿಗೇ ತಾಗಿತು. ದೊಡ್ಡಮ್ಮ ನಕ್ಕ ನಗೆಗೆ ಸೌತೆಕಾಯಿಯೊಂದು ಚೀಲದಿಂದ ಉರುಳಿತು.

ಮರುದಿನವೇ ರಬ್ಬರು ಮಾಡಿದೆ. ಚಿತ್ರ ಮುಂದೆ ಹೋದರೆ ಸುತ್ತು ತಾನೇ ಮಾಯವಾಗುವಂತೆಯೂ ಮಾಡಿದೆ. ಕೋಚ್ ಎಲ್ಲವನ್ನೂ ಒತ್ತಿ ನೋಡಿ ತಲೆದೂಗಿದರು. “ಬಾಣ ಲಾಯ್ಕ್ ಇತ್ತ್ ಮರ್ರೆ. ಯಾರ್ ಮೇಲೆ ಬಿಟ್ಟ್ ಕಂಡ್ರಿ?”

“ಮನೆಯಲ್ಲೇ ಒಬ್ಬ ಸಿಕ್ಕಿದ,” ಎಂದೆ, “ಜಾಗ ಬಿಟ್ಟು ಕದಲದವನು.”